ಬಾ ಅಂದನೋ, ಹೋಗಿ ಬರ್ತೀನಿ ಅಂದನೋ?

ಮೂವತ್ತೊಂದು ವರ್ಷ ಕೂಡಿ ಹಾಡಿದವರು ತಮ್ಮ ಕೊನೆಯ ಆಲ್ಬಂ ಬಿಟ್ಟರು. ಕೊನೆಯದೆಂದು ಯಾರಿಗೂ ಹೇಳಲಿಲ್ಲ. ಕವರ್ ಮೇಲೆ ಒಬ್ಬ ಕೈ ಎತ್ತಿ ನಿಂತಿದ್ದ. ಬೀದರ್‌–ಭಾಲ್ಕಿ ರೈಲಿನಲ್ಲಿ ಕೂತು ಕೇಳಿದ ನನಗೂ ಸುಳಿವು ಹತ್ತಲಿಲ್ಲ. ಆರು ತಿಂಗಳ ಮೇಲೆ ಅವೇ ಹಾಡುಗಳು ಬೇರೆಯಾಗಿ ಕೇಳಿಸಿದವು.

ಬೀದರಿನ ಚೌಬಾರದ ಹತ್ತಿರದ ಮೊಬೈಲ್ ಅಂಗಡಿಯ ಹುಡುಗ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಮೂಡಿದ ಹೆಸರುಗಳನ್ನು ಓದಲು ನೋಡಿ ನನ್ನ ಕಡೆ ತಿರುಗಿದ. ‘ಇದು ಯಾವ ಪಿಕ್ಚರ್ ಹಾಡ್ರಿ?’

ಪಿಕ್ಚರಿನದಲ್ಲ ಎಂದೆ. ಹನ್ನೆರಡು ಹಾಡು ನನ್ನ ಫೋನಿನ ಮೆಮೊರಿ ಕಾರ್ಡಿಗೆ ಇಳಿಯುವ ತನಕ ಅವನು ಸಿಡಿಯ ಕವರ್ ಹಿಡಿದು ಕೂತ. ಮೂವರು ಗಂಡಸರು, ಅವರಲ್ಲೊಬ್ಬ ಕೈ ಎತ್ತಿದ್ದಾನೆ.

‘ಬಾ ಅನ್ಲತ್ತಾನೋ, ಹೋಗಿ ಬರ್ತೀನಿ ಅನ್ಲತ್ತಾನೋ?’

ಏನು ಹೇಳಬೇಕೋ ತಿಳಿಯಲಿಲ್ಲ. ಹತ್ತು ರೂಪಾಯಿ ಕೊಟ್ಟು ಸ್ಟೇಷನ್ನಿನ ಹಾದಿ ಹಿಡಿದೆ.

2011ರ ಮಾರ್ಚ್. ಹೋಳಿ ಹತ್ತಿರ ಬಂದಿತ್ತು. ಅಷ್ಟೂರಿನ ಜಾತ್ರೆಯ ದಿನಗಳವು. ಅಹ್ಮದ್ ಶಾಹ ಬಹಮನಿಯ ಗುಮ್ಮಟಕ್ಕೆ ಮುಸ್ಲಿಮರು ವಲಿ ಎಂದು ನಡೆದುಕೊಂಡರೆ, ಲಿಂಗಾಯತರು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದ ಮೇಲೆಯೇ ಅಲ್ಲಿ ಉರುಸು. ಪ್ಲಾಟ್‌ಫಾರ್ಮಿನ ತುಂಬ ಜಾತ್ರೆಗೆ ಬಂದುಹೋಗುವ ಜನ, ಗಂಟುಮೂಟೆ, ಅಳುವ ಕೂಸುಗಳು. ನಾನು ಕಿಟಕಿಯ ಪಕ್ಕ ಜಾಗ ಹಿಡಿದು ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಆಲ್ಬಂನ ಹೆಸರು ‘ಕೊಲ್ಯಾಪ್ಸ್ ಇಂಟು ನೌ’. ಹಾಡಿದವರು ಅಮೆರಿಕದ ಆರ್.ಇ.ಎಂ. ಒಟ್ಟು 41 ನಿಮಿಷ. ರೈಲು ತಡವಾಗದಿದ್ದರೆ ಆಲ್ಬಂ ಮುಗಿಯುವುದೂ ಭಾಲ್ಕಿ ಬರುವುದೂ ಹೆಚ್ಚುಕಡಿಮೆ ಒಟ್ಟಿಗೆ. ಖಾನಾಪುರ ಬಂತು, ಬೀದರಿನ ಕೆಂಪು ಮುರ್ರಂ ಹಿಂದೆ ಬಿತ್ತು, ಹಲಬರ್ಗಾ ಬರುವಷ್ಟರಲ್ಲಿ ಎರಡೂ ಕಡೆ ಕರಿ ಹೊಲ. ಹೊಸ ಹಾಡು ಕೇಳುವಾಗಿನ ಹುರುಪಿನಲ್ಲಿ ಕೇಳಿದೆ. ಹಳಬರು ಮತ್ತೆ ಹುರುಪಿಗೆ ಬಂದಿದ್ದಾರೆ, ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ ಎಂದುಕೊಂಡು ಭಾಲ್ಕಿಯಲ್ಲಿ ಇಳಿದೆ.

ಹಾಲಿನ ಜಗ್ ಒಡೆದ ದಿನ

ಆ ಸಿಡಿಯನ್ನು ಹೈದರಾಬಾದಿನಿಂದ ತಂದುಕೊಟ್ಟವನು ನಮ್ಮ ಕಾಕಾನ ಮಗ. ನನಗಿಂತ ದೊಡ್ಡವನು, ಅಣ್ಣ ಎನ್ನುತ್ತೇನೆ. ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಓದುವಾಗ ಅವನ ರೂಮಿನ ಮಾಲೀಕರ ಮನೆಗೆ ಕೇಬಲ್ ಬಂದಿತ್ತು. ಅಲ್ಲಿ ಎಂಟಿವಿಯಲ್ಲಿ ಅವನಿಗೆ ಸಿಕ್ಕಿದ್ದು ‘ಲೂಸಿಂಗ್ ಮೈ ರಿಲಿಜನ್’.

ಮಳೆ ಸುರಿಯುವ ಕಿಟಕಿ. ಅಲ್ಲಿಟ್ಟ ಹಾಲಿನ ಜಗ್ ಉರುಳಿ ಬಿದ್ದು ಒಡೆಯುತ್ತದೆ. ಆಮೇಲೆ ಮ್ಯಾಂಡೊಲಿನ್. ಒಂದೆಡೆ ರೆಕ್ಕೆ ಕಟ್ಟಿಕೊಂಡ ಮುದುಕ, ಇನ್ನೊಂದೆಡೆ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಿಂದ ಎದ್ದುಬಂದಂಥ ದೇವರುಗಳು. ಅಮೆರಿಕದ ಹಾಡಿನಲ್ಲಿ ಈ ಬಣ್ಣ ಎಲ್ಲಿಂದ ಬಂತು ಎಂದು ಅಣ್ಣನಿಗೆ ಆಶ್ಚರ್ಯ. ಅದನ್ನು ಚಿತ್ರಿಸಿದವರು ತರ್ಸೇಮ್ ಸಿಂಗ್, ಪಂಜಾಬಿನ ಜಲಂಧರಿನವರು. ಇಟಲಿಯ ಕರವಾಜಿಯೊನ ನೆರಳು-ಬೆಳಕನ್ನೂ ನಮ್ಮ ಕ್ಯಾಲೆಂಡರ್ ಕಲೆಯನ್ನೂ ಅವರು ಒಂದೇ ಕೋಣೆಯಲ್ಲಿ ಕೂಡಿಸಿದ್ದರು. 1991ರಲ್ಲಿ ಎಂಟಿವಿಯ ವರ್ಷದ ವಿಡಿಯೊ ಅದೇ.

ಹೆಸರು ಕೇಳಿ ಧರ್ಮದ ಹಾಡು ಎಂದುಕೊಂಡವರು ಬಹಳ. ಅಮೆರಿಕದ ದಕ್ಷಿಣದ ರಾಜ್ಯಗಳ ಆಡುಮಾತಿನಲ್ಲಿ ಅದರ ಅರ್ಥ ತಾಳ್ಮೆ ಕಳೆದುಕೊಳ್ಳುವುದು, ತಲೆ ಕೆಡುವುದು. ಮ್ಯಾಂಡೊಲಿನ್ನಿನ ಆ ಧಾಟಿ ಹುಟ್ಟಿದ್ದು ಗಿಟಾರ್ ವಾದಕ ಪೀಟರ್ ಬಕ್ ಆ ವಾದ್ಯವನ್ನು ಹೊಸದಾಗಿ ಕೊಂಡು ಕಲಿಯುತ್ತಿದ್ದಾಗ. ಟಿವಿ ಮುಂದೆ ಕೂತು ಬೆರಳಾಡಿಸುತ್ತ, ಜೊತೆಗೆ ರೆಕಾರ್ಡರನ್ನೂ ಹಚ್ಚಿಟ್ಟಿದ್ದರು. ಮರುದಿನ ಕೇಳಿದಾಗ ಕಲಿಕೆಯ ಗೊಂದಲದ ನಡುವೆ ಈ ಧಾಟಿ ಕೂತಿತ್ತು.

ನಾಲ್ಕು ಹೆಸರು, ಒಂದು ಬೇಡ

ಬಕ್ ಜಾರ್ಜಿಯಾದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಚಿತ್ರಕಲೆ ಓದುತ್ತಿದ್ದ ಮೈಕಲ್ ಸ್ಟೈಪ್ ಅಲ್ಲಿಗೆ ಬರುವ ಗಿರಾಕಿ. ಮೇಕನ್ ಪಟ್ಟಣದ ಶಾಲೆಯಿಂದಲೂ ಜೊತೆಗೆ ನುಡಿಸುತ್ತಿದ್ದ ಗೆಳೆಯರು ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ ಬಂದು ಕೂಡಿದರು. ಒಬ್ಬರು ಬೇಸ್, ಇನ್ನೊಬ್ಬರು ಡ್ರಮ್ಸ್. 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋದ ಹಳೆಯ ಚರ್ಚಿನಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಮೊದಲ ಸಲ ನುಡಿಸಿದರು. ಹೆಸರನ್ನು ನಿಘಂಟು ತೆರೆದು ಆರಿಸಿದರು.

ದೊಡ್ಡ ಕಂಪನಿಗಳು ಕಣ್ಣೆತ್ತಿ ನೋಡದ, ಕಾಲೇಜುಗಳ ಸಣ್ಣ ರೇಡಿಯೊಗಳಷ್ಟೇ ಹಚ್ಚುತ್ತಿದ್ದ ಈ ಬಗೆಯ ಹಾಡಿಗೆ ಮುಂದೆ ‘ಆಲ್ಟರ್ನೇಟಿವ್ ರಾಕ್’ ಎಂಬ ಹೆಸರು ಕೂತಿತು. 1983ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿದ್ದು ಇವರ ಮೊದಲ ಆಲ್ಬಂ ‘ಮರ್ಮರ್’ ಅನ್ನು. ಮೈಕಲ್ ಜಾಕ್ಸನ್ನರ ‘ಥ್ರಿಲ್ಲರ್’ ಜಗತ್ತನ್ನೇ ಆಳುತ್ತಿದ್ದ ವರ್ಷವದು. ‘ಮರ್ಮರ್’ ಕವರ್ ಮೇಲೆ ನಾಲ್ವರ ಮುಖವಿಲ್ಲ, ಊರನ್ನೇ ಮುಚ್ಚಿಬಿಡುವ ಕುಡ್ಜು ಬಳ್ಳಿಯಿದೆ.

ಅವರ ಹಾಡಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕಟ್ಟಳೆ. ಯಾರು ಬರೆದರೂ ಪ್ರತಿ ಹಾಡಿನ ಕೆಳಗೆ ನಾಲ್ಕೂ ಹೆಸರು: ಬೆರಿ, ಬಕ್, ಮಿಲ್ಸ್, ಸ್ಟೈಪ್. ಅದೂ ಅಕ್ಷರಮಾಲೆಯ ಸಾಲಿನಲ್ಲಿ, ಹಾಡುವವನ ಹೆಸರು ಕಟ್ಟಕಡೆಗೆ. ಬಂದ ದುಡ್ಡಿನಲ್ಲಿ ನಾಲ್ಕು ಸಮಪಾಲು. ನಾಲ್ವರಲ್ಲಿ ಒಬ್ಬ ಬೇಡವೆಂದರೆ ಬೇಡ. ಮೂವರು ಸೇರಿ ಒಬ್ಬನನ್ನು ಸೋಲಿಸುವ ದಾರಿಯೇ ಅಲ್ಲಿರಲಿಲ್ಲ.

ಔರಾದ್ ತಾಲ್ಲೂಕಿನ ನಮ್ಮೂರಿನಲ್ಲಿ ಇಂಥದೊಂದು ಕಟ್ಟಳೆ ಇದ್ದಿದ್ದರೆ ಎಂದು ಇವತ್ತಿಗೂ ಮನಸ್ಸು ಮರುಗುತ್ತದೆ.

ನಮ್ಮೂರಿನಲ್ಲಿ ಭಜನಾ ಮೇಳವಿತ್ತು. ಅಮಾವಾಸ್ಯೆಗೊಮ್ಮೆ ಗುಡಿಯ ಕಟ್ಟೆಯ ಮೇಲೆ ಕೂತರೆ ಕೋಳಿ ಕೂಗುವ ತನಕ. ಏಕತಾರಿ, ದಮ್ಮಡಿ, ತಾಳ, ಒಂದು ಪೇಟಿ, ಕಾಕಾನ ತಬಲಾ. ನಡುರಾತ್ರಿಯ ವರೆಗೆ ಕನ್ನಡದ ತತ್ವಪದ, ಆಮೇಲೆ ಮರಾಠಿ ಅಭಂಗ. ಉದಗೀರ್ ಕಡೆಯಿಂದ ಬಂದ ಬೀಗರೂ ದನಿಗೂಡಿಸುತ್ತಿದ್ದರು. ಯಾವ ಭಾಷೆಯ ಹಾಡು ಯಾವಾಗ ಶುರುವಾಯಿತೆಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ.

ಆ ಮೇಳ ಒಡೆದದ್ದು ಪೇಟಿಯ ಸಲುವಾಗಿ. ಎಲ್ಲರೂ ಪಟ್ಟಿ ಹಾಕಿ ಹೊಸ ಪೇಟಿ ತಂದರು. ಅದು ಯಾರ ಮನೆಯಲ್ಲಿರಬೇಕು? ಬಾರಿಸುವವರ ಮನೆಯಲ್ಲೋ, ಹೆಚ್ಚು ರೊಕ್ಕ ಕೊಟ್ಟವರ ಮನೆಯಲ್ಲೋ, ಗುಡಿಯಲ್ಲೋ? ಒಂದು ಅಮಾವಾಸ್ಯೆಗೆ ಇಬ್ಬರು ಬರಲಿಲ್ಲ. ಮುಂದಿನದಕ್ಕೆ ಐವರು ಬರಲಿಲ್ಲ. ಆಮೇಲೆ ಕಾಕಾ ತಬಲಾಕ್ಕೆ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟ. ಬಿತ್ತನೆ, ಕಳೆ, ರಾಶಿ ಎಂದು ಹೊಲದ ಕೆಲಸದಲ್ಲಿ ಬಿದ್ದ.

ಆ ಮೇಳಕ್ಕೂ ಒಂದು ಕೊನೆಯ ರಾತ್ರಿ ಇದ್ದಿರಲೇಬೇಕು. ಅವತ್ತು ಯಾವ ಪದ ಹಾಡಿದರು, ಯಾರು ಮಂಗಳ ಹೇಳಿದರು, ಒಬ್ಬರಿಗೂ ನೆನಪಿಲ್ಲ. ಅದೇ ಕೊನೆಯದೆಂದು ಯಾರಿಗೆ ಗೊತ್ತಿತ್ತು?

---

ಒಡೆದ ನಾಡು

ಬೀದರ್ ಎರಡು ಸಲ ದೊಡ್ಡ ಒಡಕು ಕಂಡ ಊರು. 1481ರಲ್ಲಿ ಖೊಟ್ಟಿ ಪತ್ರವೊಂದನ್ನು ನಂಬಿದ ಸುಲ್ತಾನ ತನ್ನ ಮಂತ್ರಿ ಮಹಮೂದ್ ಗಾವಾನನನ್ನು ಕೊಲ್ಲಿಸಿದ. ಆಮೇಲೆ ಬಹಮನಿ ರಾಜ್ಯ ಚೇತರಿಸಿಕೊಳ್ಳಲಿಲ್ಲ; ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ಐದು ಹೋಳಾಯಿತು. 1472ರಲ್ಲಿ ಗಾವಾನ ಕಟ್ಟಿಸಿದ ಮದರಸಾ ಊರ ನಡುವೆ ಅರ್ಧ ಕುಸಿದು ಈಗಲೂ ನಿಂತಿದೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕನ್ನಡ ನಾಡಿಗೆ ಬಂದವು. ಉದಗೀರ್, ನಿಲಂಗಾ, ಅಹಮದ್‌ಪುರ ಮರಾಠಿಯತ್ತ ಹೋದವು. ಜಹೀರಾಬಾದ್, ನಾರಾಯಣಖೇಡ ತೆಲುಗಿನತ್ತ.

---

ಡ್ರಮ್ಸ್ ಬಿಟ್ಟು ಹೊಲಕ್ಕೆ

ಆರ್.ಇ.ಎಂ. ಕಟ್ಟಳೆ ಒರೆಗೆ ಬಿದ್ದದ್ದು 1995ರಲ್ಲಿ. ಮಾರ್ಚ್ 1ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಕಛೇರಿ ನಡೆದಾಗಲೇ ಬಿಲ್ ಬೆರಿ ವೇದಿಕೆಯ ಮೇಲೆ ಕುಸಿದರು. ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಶಸ್ತ್ರಚಿಕಿತ್ಸೆಯಾಗಿ ಬದುಕಿದರು, ಮತ್ತೆ ಡ್ರಮ್ಸ್ ಮುಂದೆಯೂ ಕೂತರು. ಮರುವರ್ಷ ವಾರ್ನರ್ ಕಂಪನಿಯ ಜೊತೆ ಐದು ಆಲ್ಬಂಗಳ ಹೊಸ ಕರಾರಾಯಿತು. ಮೊತ್ತ 8 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು.

1997ರ ಅಕ್ಟೋಬರಿನಲ್ಲಿ ಬೆರಿ ಇನ್ನು ಸಾಕು ಎಂದರು. ಊರೂರು ತಿರುಗುವುದರಲ್ಲಿ ಅವರಿಗೆ ಮನಸ್ಸು ಉಳಿದಿರಲಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದರು: ನಾನು ಹೋದರೆ ನೀವು ಒಡೆದುಹೋಗುವುದಾದರೆ ನಾನು ಹೋಗುವುದಿಲ್ಲ. ಉಳಿದವರು ಮುಂದುವರಿಯುತ್ತೇವೆ ಎಂದ ಮೇಲೆಯೇ ಎದ್ದರು. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವುದನ್ನು ಬೇರೆ ರೀತಿ ಕಲಿಯಬೇಕಷ್ಟೆ ಎಂಬರ್ಥದ ಸ್ಟೈಪ್ ಮಾತು ಆಗ ಎಲ್ಲ ಕಡೆ ಓಡಾಡಿತು.

ಬೆರಿ ಅಥೆನ್ಸ್ ಹತ್ತಿರದ ತಮ್ಮ ಜಮೀನಿಗೆ ಹೋಗಿ ಒಕ್ಕಲುತನಕ್ಕೆ ನಿಂತರು, ದನದ ಮೇವಿನ ಹುಲ್ಲು ಬೆಳೆದರು. ಇದನ್ನು ಅಣ್ಣ ಊರಲ್ಲಿ ಹೇಳಿದಾಗ ಕಾಕಾ ಎರಡೆರಡು ಸಲ ಕೇಳಿದ್ದ. ‘ಖರೇನಾ? ಅಷ್ಟ್ ದೊಡ್ಡ ಮನಶಾ ಹೊಲಕ್ಕ ಬಂದನಾ?’

ಬೆರಿ ಇಲ್ಲದ ಆರ್.ಇ.ಎಂ. ತಡವರಿಸಿತು. ‘ಅಪ್’, ‘ರಿವೀಲ್’, ‘ಅರೌಂಡ್ ದ ಸನ್’ ಬಂದವು. ಮೂರನೆಯದು, 2004ರದ್ದು, ನನ್ನ ಕಿವಿಗೆ ಅವರ ಅತ್ಯಂತ ಸಪ್ಪೆ ಆಲ್ಬಂ. ಹಾಡುವವರಿಗೇ ಬೇಸರ ಬಂದಂತಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಸೋತು ನಿಲ್ಲಿಸಿದರು ಎಂಬುದು ಮಾತ್ರ ಉಳಿಯುತ್ತಿತ್ತು. ಅವರು ನಿಲ್ಲಲಿಲ್ಲ. 2008ರಲ್ಲಿ ‘ಆಕ್ಸಲರೇಟ್’ ತಂದರು, ಮೈಕೊಡವಿ ಎದ್ದವರ ಹಾಗೆ. ಆ ಪ್ರವಾಸದಲ್ಲೇ, ಗಾಡಿ ಮತ್ತೆ ಹಳಿಗೆ ಬಂದ ಹೊತ್ತಿನಲ್ಲಿ, ಮುಗಿಸುವ ಮಾತು ತಮ್ಮೊಳಗೆ ಹುಟ್ಟಿತ್ತೆಂದು ಆಮೇಲೆ ಹೇಳಿಕೊಂಡರು. ಆ ನವೆಂಬರ್ 18ರಂದು ಮೆಕ್ಸಿಕೊ ಸಿಟಿಯಲ್ಲಿ ಪ್ರವಾಸದ ಕೊನೆಯ ಕಛೇರಿಯಾಯಿತು.

ಕರಾರಿನಲ್ಲಿ ಇನ್ನೊಂದೇ ಆಲ್ಬಂ ಬಾಕಿ ಉಳಿದಿತ್ತು.

ಗೊತ್ತಿದ್ದೂ ಹೇಳದೆ

ಅದನ್ನು ಮಾಡಲು ಅವರು ಒಂದು ಊರಲ್ಲಿ ಕೂರಲಿಲ್ಲ. ನ್ಯೂ ಆರ್ಲಿಯನ್ಸ್, ನ್ಯಾಶ್‌ವಿಲ್, ಬರ್ಲಿನ್. ಬರ್ಲಿನ್ನಿನಲ್ಲಿ ಕೂತದ್ದು ಹಾನ್ಸಾ ಸ್ಟುಡಿಯೊದಲ್ಲಿ. ಒಂದು ಕಾಲಕ್ಕೆ ಅದರ ಹತ್ತಿರದಲ್ಲೇ ಊರನ್ನು ಎರಡಾಗಿ ಸೀಳಿದ ಗೋಡೆ ಇತ್ತು. ಡೇವಿಡ್ ಬೋವಿ 1977ರಲ್ಲಿ ‘ಹೀರೋಸ್’ ಹಾಡಿದ್ದು ಅಲ್ಲಿಯೇ. ‘ಊಬರ್‌ಲಿನ್’ ಎಂಬ ಹಾಡಿನ ಹೆಸರಿನಲ್ಲೇ ಆ ಊರು ಕೂತಿದೆ. ಹಾನ್ಸಾದಲ್ಲಿ ಕೆಲವು ಹಾಡುಗಳನ್ನು ಕ್ಯಾಮೆರಾ ಮುಂದೆ ನೇರವಾಗಿ ನುಡಿಸಿದ್ದಾರೆ. ಆ ವಿಡಿಯೊಗಳನ್ನು ಈಗ ನೋಡಿ: ಮೂವರೂ ಒಬ್ಬರ ಮುಖ ಒಬ್ಬರು ನೋಡುವ ರೀತಿ ಬೇರೆಯೇ ಇದೆ. ಅಥವಾ ಗೊತ್ತಾದ ಮೇಲೆ ನನಗೆ ಹಾಗೆ ಕಾಣುತ್ತದೋ ಏನೋ.

ಆಲ್ಬಂನಲ್ಲಿ ಬೇಕೆಂದೇ ತಮ್ಮ ಹಳೆಯ ಎಲ್ಲ ಬಗೆಗಳನ್ನೂ ಒಮ್ಮೆ ಮುಟ್ಟಿ ಬಂದಿದ್ದಾರೆ. ಗುಡುಗುವ ಗಿಟಾರಿದೆ, ಜೋಗುಳದಂಥ ಹಾಡಿದೆ, ಬಕ್ ಅವರ ಮ್ಯಾಂಡೊಲಿನ್ ಮತ್ತೆ ಬಂದಿದೆ. ‘ಓ ಮೈ ಹಾರ್ಟ್’ ಎಂಬುದು ಚಂಡಮಾರುತ ಕತ್ರೀನಾ ಮುಳುಗಿಸಿದ ನ್ಯೂ ಆರ್ಲಿಯನ್ಸ್‌ಗೆ ಮರಳುವವನ ಹಾಡು. ಹಿಂದಿನ ಆಲ್ಬಂನಲ್ಲಿ ಊರು ಬಿಟ್ಟು ಹೋದವನು ಇಲ್ಲಿ ತಿರುಗಿ ಬರುತ್ತಾನೆ. ‘ಇಟ್ ಹ್ಯಾಪನ್ಡ್ ಟುಡೇ’ ಅರ್ಧ ದಾರಿಯಲ್ಲಿ ಮಾತನ್ನೇ ಬಿಟ್ಟುಬಿಡುತ್ತದೆ. ಪರ್ಲ್ ಜಾಮ್ ತಂಡದ ಎಡ್ಡಿ ವೆಡರ್ ಸೇರಿ ಎಲ್ಲರೂ ಬರಿಯ ದನಿಯಲ್ಲಿ ಹಾಡಿಕೊಂಡು ಹೋಗುತ್ತಾರೆ, ಆಲಾಪದ ಹಾಗೆ. ಪದವಿಲ್ಲದ ಆ ಜಾಗ ನಮ್ಮೂರ ಕಟ್ಟೆಯ ಮೇಲೂ ಬರುತ್ತಿತ್ತು, ಬೆಳಗಿನ ಜಾವ, ಪದ ಮುಗಿದರೂ ಏಳಲು ಯಾರಿಗೂ ಮನಸ್ಸಿಲ್ಲದಾಗ.

ಕೊನೆಯ ಹಾಡು ‘ಬ್ಲೂ’. ಆಲ್ಬಂನ ಹೆಸರು ಹೊರಟದ್ದು ಅದರಿಂದಲೇ. ಸ್ಟೈಪ್ ಹಾಡುವುದಿಲ್ಲ; ಒಂದೇ ಉಸಿರಿಗೆ ಮಾತಾಡುತ್ತಾರೆ. ಹಿಂದಿನಿಂದ ಪ್ಯಾಟಿ ಸ್ಮಿತ್ ಅವರ ದನಿ. ಪ್ಯಾಟಿಯ ‘ಹಾರ್ಸಸ್’ ಆಲ್ಬಂ 1975ರಲ್ಲಿ ಬಂದಾಗ ಸ್ಟೈಪ್‌ಗೆ ಹದಿನೈದು ವರ್ಷ. ಅದನ್ನು ಕೇಳಿಯೇ ಅವರು ಹಾಡುಗಾರನಾಗುವ ಮನಸ್ಸು ಮಾಡಿದ್ದು. ಯಾರ ದನಿ ಕೇಳಿ ಹೊರಟರೋ ಆ ದನಿಯನ್ನೇ ಕರೆತಂದು ಕೊನೆಯ ಹಾಡಿನಲ್ಲಿ ನಿಲ್ಲಿಸಿದರು. ‘ಬ್ಲೂ’ ಮುಗಿಯಿತು ಎನ್ನುವಾಗ ಆಲ್ಬಂನ ಮೊದಲ ಹಾಡು ‘ಡಿಸ್ಕವರರ್’ ಮತ್ತೆ ಕೇಳಿಸುತ್ತದೆ, ಅಲ್ಲಿಗೆ ಮುಕ್ತಾಯ.

ಮಾರ್ಚ್ 7ಕ್ಕೆ ಆಲ್ಬಂ ಬಿಡುಗಡೆಯಾಯಿತು. ಪ್ರವಾಸ ಇರುವುದಿಲ್ಲ ಎಂದರು. ದಣಿದಿರಬೇಕು ಎಂದುಕೊಂಡವು ಪತ್ರಿಕೆಗಳು.

---

ಆಲ್ಬಂ ಒಂದು ನೋಟ

ಆರ್.ಇ.ಎಂ. ಸ್ಟುಡಿಯೊ ಆಲ್ಬಂಗಳಲ್ಲಿ ಇದು 15ನೆಯದು. ತಂಡದ ಜೊತೆ ನಿರ್ಮಿಸಿದವರು ಜಾಕ್‌ನೈಫ್ ಲೀ. ಹಾಡುಗಳು 12. ಅತಿಥಿಗಳಾಗಿ ಪ್ಯಾಟಿ ಸ್ಮಿತ್, ಎಡ್ಡಿ ವೆಡರ್, ಪೀಚಸ್, ಗಿಟಾರ್ ವಾದಕ ಲೆನ್ನಿ ಕೇ. ತಂಡ ಮುಗಿದ ಮೇಲೆ 2011ರ ನವೆಂಬರಿನಲ್ಲಿ ಬಂದ ಆಯ್ದ ಹಾಡುಗಳ ಸಂಗ್ರಹದಲ್ಲಿ ಕೆಲವು ಹೊಸ ಹಾಡುಗಳೂ ಇದ್ದವು.

---

ಸೆಪ್ಟೆಂಬರ್

ಆ ವರ್ಷ ಬೀದರಿನವರ ಪಾಲಿಗೆ ಇನ್ನೊಂದು ಮೇಳವೂ ನಿಂತಿತ್ತು. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಬೀದರ್ ವಾಯುನೆಲೆಯಲ್ಲಿ. ಒಂಬತ್ತು ಕಿರಣ್ ವಿಮಾನ ಒಂದಕ್ಕೊಂದು ರೆಕ್ಕೆ ತಾಗುವಷ್ಟು ಹತ್ತಿರ ಹಾರುವುದನ್ನು ನಮ್ಮವರು ಮಾಳಿಗೆಯ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಅಪಘಾತಗಳಾದವು, ಪೈಲಟ್‌ಗಳು ಸತ್ತರು. ಆದರೂ ತಂಡ ಹಾರಿತು. 2011ರ ಫೆಬ್ರುವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಹಾರಿದ ಮೇಲೆ ಅದನ್ನು ನಿಲ್ಲಿಸಿದರು. ಹೊಸ ಪೈಲಟ್‌ಗಳ ತರಬೇತಿಗೆ ಆ ವಿಮಾನಗಳು ಬೇಕಾಗಿದ್ದವು. ಕೆಲವು ವರ್ಷಗಳ ಮೇಲೆ ಹಾಕ್ ವಿಮಾನಗಳಲ್ಲಿ ಸೂರ್ಯಕಿರಣ ಮರಳಿತು. ಆ ಮಳೆಗಾಲದಲ್ಲಿ ಮಾತ್ರ ಬೀದರಿನ ಮುಗಿಲಿನಲ್ಲಿ ಒಂಬತ್ತರ ಬಾಣ ಇರಲಿಲ್ಲ.

ಸೆಪ್ಟೆಂಬರ್ ಮೂರನೆಯ ವಾರ ನಾನು ಔರಾದ್‌ನಲ್ಲಿದ್ದೆ. ಹೆಸರು, ಉದ್ದು ರಾಶಿಯಾಗಿತ್ತು. ಸೋಯಾ ಹೊಲ ಹಳದಿಗೆ ತಿರುಗಿತ್ತು. ಅಣ್ಣನ ಫೋನ್ ಬಂತು.

‘ತಮ್ಮಾ, ಆರ್‌ಇಎಂನವ್ರು ಮುಗಿಸ್ಯಾರಂತ ನೋಡು.’

‘ಜಗಳ ಆಡ್ಯಾರೇನು?’

‘ಇಲ್ಲಂತ. ಸುಮ್ನ ಮುಗಿಸ್ಯಾರ.’

21ರಂದು ತಮ್ಮ ವೆಬ್‌ಸೈಟಿನಲ್ಲಿ ನಾಲ್ಕು ಮಾತು ಬರೆದು ತಂಡವನ್ನು ಮುಗಿಸಿದ್ದರು. ಕರೆದ ಮನೆಯಿಂದ ಯಾವಾಗ ಎದ್ದು ಹೊರಡಬೇಕೆಂದು ತಿಳಿದಿರಬೇಕು ಎಂಬ ಅರ್ಥದ ಮಾತು ಸ್ಟೈಪ್ ಬರೆದಿದ್ದರು. ಜಗಳವಿಲ್ಲ, ವಕೀಲರಿಲ್ಲ ಎಂದು ಮಿಲ್ಸ್ ಬರೆದಿದ್ದರು. ಕವರ್ ಮೇಲೆ ಎತ್ತಿದ ಕೈ ಬೀಳ್ಕೊಡುಗೆಯದೇ ಆಗಿತ್ತೆಂದು, ಯಾರೂ ಗುರುತಿಸಲಿಲ್ಲವೆಂದು ಸ್ಟೈಪ್ ಆಮೇಲೆ ಹೇಳಿಕೊಂಡರು. ಚೌಬಾರದ ಅಂಗಡಿಯ ಹುಡುಗ ಮಾರ್ಚಿನಲ್ಲೇ ಕೇಳಿದ್ದ.

ಅಂದು ರಾತ್ರಿ ಮಾಳಿಗೆ ಹತ್ತಿ ಮತ್ತೆ ಆಲ್ಬಂ ಹಚ್ಚಿದೆ. ಒಂದು ಸ್ವರವೂ ಬದಲಾಗಿರಲಿಲ್ಲ. ಆದರೆ ರೈಲಿನಲ್ಲಿ ಹುರುಪಿನ ಹಾಡಾಗಿ ಕೇಳಿದ್ದ ‘ಆಲ್ ದ ಬೆಸ್ಟ್’ ಈಗ ಹೊಸ್ತಿಲಲ್ಲಿ ನಿಂತು ಆಡಿದ ಮಾತಾಗಿತ್ತು. ‘ಡಿಸ್ಕವರರ್’ ಕೊನೆಯಲ್ಲಿ ಮರಳಿದ್ದು ಮಂಗಳ ಹಾಡಿದಂತೆ ಕೇಳಿಸಿತು. ಮಾರ್ಚಿನಲ್ಲಿ ನಾವೆಲ್ಲ ಹೊಸ ಆಲ್ಬಂ ಕೇಳುತ್ತಿದ್ದಾಗ ಅವರು ಹೋಗಿ ಬರುತ್ತೇವೆ ಎಂದು ಹೇಳುತ್ತಿದ್ದರು.

ಮೊದಲೇ ಹೇಳಿದ್ದರೆ? ವಿದಾಯದ ಪ್ರವಾಸ ಮಾಡಬಹುದಿತ್ತು, ದುಡ್ಡು ಬರುತ್ತಿತ್ತು, ಜನ ಅಳುತ್ತಿದ್ದರು. ಹಾಡನ್ನು ಮಾತ್ರ ಯಾರೂ ಹಾಡಾಗಿ ಕೇಳುತ್ತಿರಲಿಲ್ಲ. ಆರು ತಿಂಗಳ ಮಟ್ಟಿಗೆ ಆ ಹನ್ನೆರಡು ಹಾಡುಗಳನ್ನು ಅವರು ದುಃಖದಿಂದ ಕಾಪಾಡಿದರು. ನನಗೆ ಅದು ಅವರು ಮಾಡಿದ ಅತ್ಯಂತ ದೊಡ್ಡ ಕೆಲಸವೆನಿಸುತ್ತದೆ.

ಆಮೇಲೆ ಮತ್ತೆ ಕೂಡಿರೆಂದು ಕೇಳಿದವರು ಎಷ್ಟೋ ಮಂದಿ. 2024ರ ಜೂನ್‌ನಲ್ಲಿ ಅಮೆರಿಕದ ಟಿವಿಯಲ್ಲಿ, ಮತ್ತೆ ಒಟ್ಟಾಗಲು ಏನಾಗಬೇಕು ಎಂದು ಕೇಳಿದಾಗ, ಧೂಮಕೇತು ಬರಬೇಕು ಎಂದರು ಮಿಲ್ಸ್. ಅದೇ ಜೂನ್ 13ರಂದು ನ್ಯೂಯಾರ್ಕಿನಲ್ಲಿ ಹಾಡು ಕಟ್ಟುವವರ ಗೌರವ ಸಮಾರಂಭ. ಹೊಲದಿಂದ ಬೆರಿಯೂ ಬಂದಿದ್ದರು. ನಾಲ್ವರೂ ವೇದಿಕೆ ಹತ್ತಿ ಒಂದೇ ಒಂದು ಹಾಡು ಹಾಡಿದರು. ಅದೇ, ಹಾಲಿನ ಜಗ್ಗಿನ ಹಾಡು. ಬಕ್ ಕೈಯಲ್ಲಿ ಮ್ಯಾಂಡೊಲಿನ್. ಹಾಡಿ ಇಳಿದರು.

ಆ ವಿಡಿಯೊವನ್ನು ಕಾಕಾನಿಗೆ ತೋರಿಸಿದೆ. ಅಂಗಳದಲ್ಲಿ ಹೊರಸಿನ ಮೇಲೆ ಕೂತು, ಚಷ್ಮಾ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

‘ಇವ್ರೊಳಗ ಒಕ್ಕಲುತನ ಮಾಡವ ಯಾವನು?’

ಬೆರಳಿಟ್ಟು ತೋರಿಸಿದೆ. ಹಾಡುವವನನ್ನು ಕಾಕಾ ನೋಡಲೇ ಇಲ್ಲ. ಹಾಡು ಮುಗಿಯುವ ತನಕ ಬೆರಿಯ ಕೈ ನೋಡಿದ. ಇನ್ನೊಮ್ಮೆ ಹಚ್ಚು ಎಂದ. ಎರಡನೆಯ ಸಲ ಅವನ ಬಲಗೈ ಹೊರಸಿನ ಕಟ್ಟಿಗೆಯ ಮೇಲೆ ಸಣ್ಣಗೆ ಆಡುತ್ತಿತ್ತು.

‘ಕೈ ಕೆಟ್ಟಿಲ್ಲ ನೋಡು ಅವಂದು’ ಎಂದ.